ಮಲ್ಪೆಯ ಉಪ್ಪುಗಾಳಿಯಲ್ಲಿ ಇಂಡಿಕಾದ ಹೀಟರ್: ನನ್ನ ಅನುಭವ

"ಕರಾವಳಿಯಲ್ಲಿ ಚಳಿ ಎಲ್ಲುಂಟು ಮಾರಾಯ್ರೇ, ಹೀಟರ್‌ಗೆ ಯಾಕೆ ದುಡ್ಡು ಹಾಕ್ತೀರಿ?" ಮಲ್ಪೆಯಿಂದ ಉಡುಪಿವರೆಗೆ ಇದೇ ಮಾತು ಕೇಳಿದ್ದೇನೆ. ನಾನು ಹೇಳುವುದು ಕಾರಿನೊಳಗೆ ಬೆಚ್ಚಗಿಡುವ ಹೀಟರ್ ಅಲ್ಲ, ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಎಂಜಿನ್ನಿನ ಒಳಗನ್ನು ಕಾಯಿಸುವ ಹೀಟರ್ ಪ್ಲಗ್. ಅದನ್ನು ಸರಿ ಮಾಡಿದ ಮೇಲೆ ಈಗ ನನ್ನ ಹಳೇ ಇಂಡಿಕಾ ಡೀಸೆಲ್ ಕಾರು ಬೆಳಗಿನ ಜಾವ ನಾಲ್ಕು ಗಂಟೆಗೂ ಒಂದೇ ಸೆಲ್ಫ್‌ಗೆ ಹಿಡಿಯುತ್ತದೆ. ನಂಬದಿದ್ದವರೇ ಬಂದು ಬಾನೆಟ್ ಎತ್ತಿ ನೋಡಿ ಹೋಗಿದ್ದಾರೆ.

ಮೊದಲು ಇಂದ್ರಾಳಿ ರೈಲ್ವೇ ಸ್ಟೇಷನ್ನಿಗೆ ಬಾಡಿಗೆ ಇದ್ದ ದಿನವೇ ಗಾಡಿ ಕೈಕೊಡುತ್ತಿತ್ತು. ಸೆಲ್ಫ್ ಹೊಡೆದಷ್ಟೂ ಬಿಳಿ ಹೊಗೆ. ಒಂದು ಗ್ಯಾರೇಜಿನವರು ಬ್ಯಾಟರಿ ಅಂದರು, ಸುಮಾರು 5,500 ಹೋಯಿತು. ಡೀಸೆಲ್ ಚಿಮ್ಮಿಸುವ ನೋಝಲ್ ಸರ್ವಿಸ್‌ಗೆ ಮತ್ತೆ 3,000ದ ಹತ್ತಿರ. ಆಮೇಲೆ ಡೀಸೆಲ್ ಪಂಪ್ ಬಿಚ್ಚಬೇಕು, 15,000 ಆಗಬಹುದು ಅಂದರು. ಗಾಡಿ ಸೀದಾ ಮನೆಗೆ ತಂದೆ.

ಇಂಡಿಕಾದ್ದು ಪ್ರೀ-ಚೇಂಬರ್ ಎಂಜಿನ್, ಅಂದರೆ ಡೀಸೆಲ್ ಮೊದಲು ಒಂದು ಸಣ್ಣ ಪಕ್ಕದ ಕೋಣೆಯಲ್ಲಿ ಹತ್ತಿಕೊಳ್ಳುತ್ತದೆ. ಹೊರಗೆ 23 ಡಿಗ್ರಿ ಇದ್ದರೂ ಅದಕ್ಕೆ ಹೀಟರ್ ಪ್ಲಗ್ ಬೇಕೇ ಬೇಕು. ಪ್ಲಗ್‌ಗಳ ತಲೆ ಮೇಲೆ ಎಲ್ಲಕ್ಕೂ ಕರೆಂಟ್ ಒಯ್ಯುವ ಲೋಹದ ಪಟ್ಟಿ ಬಿಚ್ಚಿದೆ. ನಟ್ಟಿನ ಅಡಿಯಲ್ಲಿ ಹಸಿರು ಕಿಲುಬು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಹೀಟರ್ ಆನ್ ಮಾಡಿ ಮೀಟರ್ ಇಟ್ಟರೆ ಬ್ಯಾಟರಿಯಲ್ಲಿ 12 ವೋಲ್ಟ್, ಪಟ್ಟಿಯಲ್ಲಿ 9ರ ಆಸುಪಾಸು. ಉಪ್ಪುಗಾಳಿ ಮೂರು ವೋಲ್ಟ್ ತಿಂದು ಹಾಕಿತ್ತು.

ಪ್ಲಗ್ ಕಳಚುವುದು ಎಂಜಿನ್ ಬಿಸಿ ಇರುವಾಗಲೇ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಜೋರು ಮಾಡಿ ತುಂಡಾಯಿತೋ, ಎಂಜಿನ್ನಿನ ಹೆಡ್ (ಮೇಲಿನ ಭಾಗ) ಇಳಿಸುವ ಖರ್ಚು. ನಾಲ್ಕನ್ನೂ ವೈಸ್‌ಗೆ ಕಚ್ಚಿಸಿ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟೆ. ಎರಡು ತುದಿಯಿಂದ ಕೆಂಪಾದವು. ಒಂದು ಬುಡದಲ್ಲಿ ಮಾತ್ರ ಮಂಕಾಗಿ ಕೆಂಪಾಯಿತು, ತುದಿ ಕಪ್ಪಾಗಿಯೇ ಉಳಿಯಿತು. ಇನ್ನೊಂದಕ್ಕೆ ಜೀವವೇ ಇಲ್ಲ. ಹೊಸ ಕಾಮನ್ ರೈಲ್ (ಕಂಪ್ಯೂಟರ್ ನಡೆಸುವ ಡೀಸೆಲ್) ಗಾಡಿಯವರು ಈ ಪರೀಕ್ಷೆ ಮಾಡಬೇಡಿ. ಕೆಲವು ಪ್ಲಗ್ 5 ವೋಲ್ಟಿನವು, 12 ಕೊಟ್ಟರೆ ಸುಟ್ಟೇ ಹೋಗುತ್ತವೆ.

150 ರೂಪಾಯಿಯ ಅಗ್ಗದ ಪ್ಲಗ್ ಹಾಕಿದ್ದು ಒಂದು ಮಳೆಗಾಲ ಕೂಡ ಬರಲಿಲ್ಲ, ತುದಿ ಊದಿಕೊಂಡಿತು. ಆಮೇಲೆ ಒಳ್ಳೆಯದೇ ತಂದೆ, ಒಂದಕ್ಕೆ 350ರಷ್ಟು. ಜೊತೆಗೆ 10 ಸ್ಕ್ವೇರ್ ಎಂಎಂ ವೈರ್, 70 ಆಂಪ್ ರಿಲೇ (ಬಟನ್ ಒತ್ತಿದಾಗ ದೊಡ್ಡ ಕರೆಂಟ್ ಬಿಡುವ ಸ್ವಿಚ್), ಫ್ಯೂಸ್, ಎಂಜಿನ್ನಿಗೆ ಹೊಸ ಅರ್ತ್, ಡ್ಯಾಶ್‌ನಲ್ಲಿ ಒಂದು ಬಟನ್. ಹತ್ತು ಸೆಕೆಂಡ್ ಒತ್ತಿ ಸೆಲ್ಫ್ ಹೊಡೆದರೆ ಆಯಿತು. ಪಟ್ಟಿಯಲ್ಲಿ ಈಗ 11ರ ಮೇಲೆ. ಎಲ್ಲ ಸೇರಿ 3,000 ದಾಟಿಲ್ಲ. ನಟ್ಟಿನ ಮೇಲೆ ಏನು ಬಳಿಯುತ್ತೇನೆ ಅಂತ ತುಂಬಾ ಜನ ಕೇಳುತ್ತಾರೆ, ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಜನರೇಟರ್‌ಗಳಿಗೆ ಹಾಕುವ, ಎಂಜಿನ್ನಿನ ಕೂಲೆಂಟ್ ನೀರನ್ನು ಕಾಯಿಸುವ ಜಾಕೆಟ್ ಹೀಟರ್ ಗುಜರಿಯಲ್ಲಿ ಸಿಕ್ಕಿತು, 1,000 ವಾಟಿನದು. ಕೆನಡಾದಂಥ ಕಡೆ ಗಾಡಿಗಳಿಗೇ ಇಂಥದ್ದು ಇರುತ್ತದೆ, ರಾತ್ರಿ ಅದನ್ನು ಮನೆಯ ಕರೆಂಟಿಗೆ ಚುಚ್ಚಿ ಮಲಗುತ್ತಾರೆ. ಕೂಲೆಂಟ್ ಹೋಸಿಗೆ ಜೋಡಿಸಿದೆ. ಗಂಟೆಯೊಳಗೆ ಬ್ಲಾಕ್ ಕೈಗೆ ಬೆಚ್ಚಗಾಯಿತು, ಹೀಟರ್ ಪ್ಲಗ್ ಮುಟ್ಟದೆಯೇ ಸ್ಟಾರ್ಟ್! ಬಹಳ ಖುಷಿಯಾಯಿತು. ಆದರೆ ಗಂಟೆಗೆ ಒಂದು ಯೂನಿಟ್, ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ, ಒದ್ದೆ ಅಂಗಳದಲ್ಲಿ 230 ವೋಲ್ಟ್ ಎಳೆಯುವುದು ಬೇಡವೇ ಬೇಡ. ಬಿಚ್ಚಿಟ್ಟೆ. ಹಾಕುವವರಿದ್ದರೆ ಗಾಳಿ ಪೂರ್ತಿ ತೆಗೆದು ಕೂಲೆಂಟ್ ತುಂಬಿಸಿ. ಒಳಗಿನ ಎಲಿಮೆಂಟ್ ಒಣಗಿದ್ದಾಗ ಅದಕ್ಕೆ ಕರೆಂಟ್ ಕೊಟ್ಟರೆ ಸುಟ್ಟು ಹೋಗುತ್ತದೆ.

ನಾನು ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಪಟ್ಟಿ ಬಿಚ್ಚಿ ಉಜ್ಜಿ, ಮೀಟರ್ ಇಟ್ಟು ನೋಡುತ್ತೇನೆ. 10.5 ವೋಲ್ಟಿಗಿಂತ ಕೆಳಗೆ ಬಂದರೆ ಮೊದಲು ಅರ್ತ್ ವೈರಿನ ಬುಡ ನೋಡಿ.