ಡ್ರಮ್ ಸ್ಮೋಕರ್‌ನ ಬಿಸಿ ಕೊನೆಗೂ ಹತೋಟಿಗೆ ಬಂತು

ಡಲ್ಲಾಸ್‌ನ ನಮ್ಮ ಹಿತ್ತಲಲ್ಲಿ 55 ಗ್ಯಾಲನ್ ಸ್ಟೀಲ್ ಡ್ರಮ್ಮಿನಿಂದ ಸ್ಮೋಕರ್, ಅಂದರೆ ಹೊಗೆಯಲ್ಲಿ ನಿಧಾನಕ್ಕೆ ಮಾಂಸ ಬೇಯಿಸುವ ಒಲೆ, ಮಾಡಿಕೊಂಡೆ. ತಳದಲ್ಲಿ ಇದ್ದಿಲ ಬುಟ್ಟಿ, ಎರಡಡಿ ಮೇಲೆ ಜಾಲರಿ. ಒಳಗಿನ ಬಣ್ಣವೆಲ್ಲ ಹೋಗುವ ತನಕ ಮೊದಲೇ ಸೌದೆ ಉರಿಸಿ ಉಜ್ಜಿದ್ದೆ. ಇದನ್ನು ಮಾತ್ರ ಯಾರೂ ಬಿಡಬೇಡಿ.

ನನಗೆ ಬೇಕಿದ್ದದ್ದು 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್. ಆದರೆ ಗಾಳಿಯ ವಾಲ್ವ್ ಪೂರ್ತಿ ಮುಚ್ಚಿದರೂ ಥರ್ಮಾಮೀಟರಿನ ಮುಳ್ಳು 340 ದಾಟುತ್ತಿತ್ತು. ಹಂದಿ ಪಕ್ಕೆಲುಬು ಹೊರಗೆ ಕರಕಲು, ಮೂಳೆ ಹತ್ತಿರ ಬರೀ ನಾರು. ತುಂಬಾ ಬೇಜಾರಾಯಿತು. ಇದ್ದಿಲು ಜಾಸ್ತಿ ಆಯಿತೇನೋ ಅಂತ ಕಡಿಮೆ ಹಾಕಿದೆ. ಅರ್ಧಕ್ಕೇ ಬೆಂಕಿ ಆರಿತು.

ಆಮೇಲೆ ದೇವರ ಮನೆಯಿಂದ ಊದುಬತ್ತಿ ತಂದೆ. ಬೆಂಕಿ ಇರುವಾಗಲೇ ಡ್ರಮ್ಮಿನ ಕೆಳಭಾಗದ ಸುತ್ತ ನಿಧಾನಕ್ಕೆ ಹಿಡಿದು ನೋಡಿದೆ. ವಾಲ್ವಿನ ಪೈಪು ಡ್ರಮ್ಮಿಗೆ ಸೇರುವ ಜಾಗದಲ್ಲಿ ಹೊಗೆಯ ಎಳೆ ಥಟ್ಟನೆ ಬಾಗಿ ಒಳಗೆ ಹೋಯಿತು. ತೂತು ದೊಡ್ಡದಾಗಿ ಕೊರೆದಿದ್ದೆ, ಸುತ್ತಲೂ ಸಂದು! ವಾಲ್ವ್ ಮುಚ್ಚಿ ಏನು ಪ್ರಯೋಜನ, ಗಾಳಿ ಪಕ್ಕದಲ್ಲೇ ನುಗ್ಗುತ್ತಿತ್ತಲ್ವಾ?

ಡ್ರಮ್ ತಣ್ಣಗಾದ ಮೇಲೆ ಒಳಗೂ ಹೊರಗೂ ಲಾಕ್ ನಟ್ ಬಿಗಿದು, ಹೆಚ್ಚು ಶಾಖ ತಡೆಯುವ ಸಿಲಿಕೋನ್ ಹಚ್ಚಿ ಒಂದು ದಿನ ಒಣಗಿಸಿದೆ. ಮುಚ್ಚಳದ ಅಂಚಿಗೆ ಗಾಳಿ ಸೋರದಂತೆ ತಡೆಯುವ ಪಟ್ಟಿ (ಗ್ಯಾಸ್ಕೆಟ್) ಅಂಟಿಸಿದೆ. ಇದ್ದಿಲನ್ನೂ ಪೂರ್ತಿ ಹೊತ್ತಿಸದೆ, ತುಂಬಿದ ಬುಟ್ಟಿಯ ಮೇಲೆ ಹತ್ತು ಹನ್ನೆರಡು ಕೆಂಡ ಮಾತ್ರ ಇಟ್ಟೆ.

ಕಳೆದ ಶನಿವಾರ ಐದು ಗಂಟೆ ಮುಳ್ಳು 240ರ ಆಸುಪಾಸಲ್ಲೇ ನಿಂತಿತ್ತು. ಓಕ್ ಸೌದೆಯ ತೆಳು ನೀಲಿ ಹೊಗೆ. ಪಕ್ಕೆಲುಬು ಎತ್ತಿದರೆ ಮಾಂಸ ಮೂಳೆ ಬಿಟ್ಟು ಮೆತ್ತಗೆ ಜೋತಾಡುತ್ತಿತ್ತು.