ಒದರು, ಚಾಚು, ಒಗಿ: ನೀರಿಗಿಳಿಯದೆ ಜೀವ ಉಳಿಸುವುದನ್ನು ಮಕ್ಕಳಿಗೆ ಕಲಿಸಿದ ಅನುಭವ

ನಮ್ಮ ಹೈಸ್ಕೂಲಿನ ಆಟದ ಸಾಮಾನಿನ ಕೋಣೆಯಲ್ಲಿ ವಾಲಿಬಾಲ್, ಗುಂಡು, ಚಕ್ರಗಳ ಪಕ್ಕದಲ್ಲಿ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನುಗಳ ಒಂದು ಸಾಲಿದೆ. ಪ್ರತಿಯೊಂದರ ಹಿಡಿಕೆಗೂ ಹದಿನೈದು ಮೀಟರ್ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದೇವೆ. ಮುಚ್ಚಳ ಬಿಗಿದು, ಒಳಗೆ ಒಂದು ಲೋಟದಷ್ಟು ನೀರು ಬಿಟ್ಟಿದ್ದೇವೆ. ಆ ಲೋಟದ ನೀರಿಲ್ಲದಿದ್ದರೆ ಕ್ಯಾನು ಗಾಳಿಗೆ ಎತ್ತಲೋ ಹಾರುತ್ತದೆ, ಇದ್ದರೆ ಗುರಿ ಇಟ್ಟಲ್ಲಿ ಬೀಳುತ್ತದೆ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿನ ಊರಿನಲ್ಲಿ ನಾನು ದೈಹಿಕ ಶಿಕ್ಷಕ. ಎಂಟನೇ ತರಗತಿಗೆ ಬಂದ ಮಕ್ಕಳಿಗೆ ಈಜಿನ ಮಾತು ಎತ್ತುವ ಮೊದಲು ನಾನು ಈ ಕ್ಯಾನು ಎಸೆಯುವುದನ್ನು ಕಲಿಸುತ್ತೇನೆ.

ಕಾರಣ ನಮ್ಮ ಕಡೆಯ ಪತ್ರಿಕೆಗಳಲ್ಲೇ ಇದೆ. ನೀರಿನ ಸಾವಿನ ಸುದ್ದಿಯಲ್ಲಿ ಎಷ್ಟೋ ಸಲ ಎರಡು ಹೆಸರು, ಮೂರು ಹೆಸರು ಇರುತ್ತವೆ. ಕಾಲು ಜಾರಿದ ತಮ್ಮ, ಅವನನ್ನು ಹಿಡಿಯಲು ಹೋದ ಅಕ್ಕ, ಇಬ್ಬರನ್ನೂ ನೋಡಿ ಧುಮುಕಿದ ತಾಯಿ. ಮೊದಲು ಬಿದ್ದವರನ್ನು ನೀರು ಎಳೆದುಕೊಂಡಿತು, ಉಳಿದವರನ್ನು ಕರುಳು ಎಳೆದುಕೊಂಡಿತು. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಅಪ್ಪಿಕೊಂಡು ಅದರ ಮೇಲೆ ಹತ್ತಲು ನೋಡುತ್ತಾರೆ. ಆ ಹಿಡಿತದಿಂದ ಬಿಡಿಸಿಕೊಳ್ಳಲು ಒಳ್ಳೆಯ ಈಜುಗಾರನಿಗೂ ಕಷ್ಟ. ಹಾಗಾಗಿ ಈಜು ಬಂದರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅರೆಬರೆ ಈಜು ಬರುವ ಹುಡುಗನೇ ಮೊದಲು ಜಿಗಿಯುವವನು.

ಮಕ್ಕಳ ಬಾಯಲ್ಲಿ ನಿಲ್ಲಲೆಂದು ಪಾಠವನ್ನು ಅವರದೇ ಮಾತಿನಲ್ಲಿ ಕಟ್ಟಿದೆ: ಒದರು, ಚಾಚು, ಒಗಿ, ಇಳಿಬ್ಯಾಡ. ಮೊದಲು ಒದರಿ ದೊಡ್ಡವರನ್ನು ಕರೆ. ಹತ್ತಿರದಲ್ಲಿದ್ದರೆ ನೆಲಕ್ಕೆ ಬೋರಲು ಬಿದ್ದು ಬಡಿಗೆ, ದೋಟಿ, ಬಾವಿಯ ಹಗ್ಗ, ಏನಿದ್ದರೂ ಚಾಚು. ನಿಂತುಕೊಂಡು ಚಾಚಿದರೆ ಅವರು ಎಳೆದ ಏಟಿಗೆ ನೀನೂ ಒಳಗೆ. ದೂರದಲ್ಲಿದ್ದರೆ ಒಗಿ. ಹಗ್ಗದ ತುದಿಯನ್ನು ಕಾಲ ಕೆಳಗೆ ತುಳಿದು, ಸುರುಳಿಯನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಕ್ಯಾನನ್ನು ತೋಳಿನ ಕೆಳಗಿಂದ ಬೀಸಬೇಕು. ಅದು ಅವರ ತಲೆ ದಾಟಿ ಆಚೆ ಬಿದ್ದು, ಹಗ್ಗ ಹೆಗಲ ಮೇಲೆ ಬರಬೇಕು. ಆಮೇಲೆ ಕುಳಿತು ಎಳೆಯಬೇಕು. ಮೈದಾನದಲ್ಲಿ ಸುಣ್ಣದಿಂದ ವೃತ್ತ ಬರೆದು, ತರಗತಿ ತರಗತಿಗಳ ನಡುವೆ ಪಂದ್ಯ ಇಟ್ಟೆ. ಚಕ್ರ ಎಸೆತಕ್ಕೆ ಬಾರದ ಹೆಣ್ಣುಮಕ್ಕಳು ಇದರಲ್ಲಿ ಹುಡುಗರನ್ನು ಹಿಂದೆ ಹಾಕಿದರು. ಬಾವಿಯಿಂದ ನೀರು ಸೇದಿದ ಕೈಗೆ ಹಗ್ಗದ ಅಂದಾಜು ಗೊತ್ತಿರುತ್ತದೆ.

“ಸರ್, ಇಷ್ಟ ಸಣ್ಣ ಕ್ಯಾನು ದೊಡ್ಡ ಮನಷ್ಯಾನ್ನ ತಡೀತದೇನ್ರಿ?” ಎಂದು ಒಬ್ಬ ಕೇಳಿದ. ಉತ್ತರವನ್ನು ವಿಜ್ಞಾನದ ಮೇಡಂ ಅವರಿಂದಲೇ ಕೊಡಿಸಿದೆ. ನೀರಿನಲ್ಲಿ ನಮ್ಮ ದೇಹದ ಬಹುಪಾಲು ತೂಕವನ್ನು ನೀರೇ ಹೊರುತ್ತದೆ. ಬಾಯಿ, ಮೂಗು ಮೇಲಿರಲು ನಾಲ್ಕೈದು ಕೆ.ಜಿ. ಎತ್ತುವ ಬಲ ಸಿಕ್ಕರೆ ಸಾಕು, ಐದು ಲೀಟರಿನ ಕ್ಯಾನು ಹೆಚ್ಚುಕಡಿಮೆ ಅಷ್ಟನ್ನು ಕೊಡುತ್ತದೆ. ಆರ್ಕಿಮಿಡೀಸನ ನಿಯಮ ಆ ವರ್ಷ ಯಾರೂ ಪರೀಕ್ಷೆಯಲ್ಲಿ ಬಿಡಲಿಲ್ಲ ಎಂದು ಮೇಡಂ ಹೇಳಿದರು.

ಇದರ ಜೊತೆಗೇ ಕಲಿಸಬೇಕಾದ ಇನ್ನೊಂದು ಸಂಗತಿ, ಮುಳುಗುವವರು ಹೇಗೆ ಕಾಣುತ್ತಾರೆ ಎಂಬುದು. ಸಿನಿಮಾದಲ್ಲಿ ಕೈ ಬೀಸುತ್ತಾರೆ, ಕೂಗುತ್ತಾರೆ. ನಿಜವಾಗಿ ಮುಳುಗುವ ಮಗು ಕೂಗುವುದಿಲ್ಲ, ಉಸಿರು ಎಳೆದುಕೊಳ್ಳುವುದಕ್ಕೇ ಅದಕ್ಕೆ ಪುರಸೊತ್ತು ಸಾಲದು. ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿರುತ್ತದೆ, ಎರಡೂ ಕೈ ಪಕ್ಕಕ್ಕೆ ನೀರನ್ನು ಒತ್ತುತ್ತಿರುತ್ತವೆ. ದಂಡೆಯ ಮೇಲಿದ್ದವರಿಗೆ ಆಡುತ್ತಿದೆ ಅನ್ನಿಸುತ್ತದೆ. ಹೀಗೆ ಮೇಲೆ ಕಾಣಿಸುವುದು ಇಪ್ಪತ್ತು ಸೆಕೆಂಡಿನಿಂದ ಹೆಚ್ಚೆಂದರೆ ಒಂದು ನಿಮಿಷ. ಆದ್ದರಿಂದ ನಮ್ಮ ಮಕ್ಕಳು ಗುಂಪಾಗಿ ಹೊಳೆಗೆ ಹೋದರೆ ಒಬ್ಬರು ನೀರಿಗೆ ಇಳಿಯುವಂತಿಲ್ಲ. ಅವರು ದಂಡೆಯ ಮೇಲೆ ನಿಂತು ತಲೆ ಎಣಿಸುತ್ತಲೇ ಇರಬೇಕು, ಕೈಯಲ್ಲಿ ಮೊಬೈಲ್ ಇರಬಾರದು.

ತಾಯಂದಿರನ್ನು ತಲುಪುವುದು ಶಾಲೆಯಿಂದ ಆಗುವ ಕೆಲಸವಾಗಿರಲಿಲ್ಲ. ಮಹಾನವಮಿಯ ಮುಂಚೆ, ಯುಗಾದಿಯ ಮುಂಚೆ ಮನೆಯ ಕೌದಿಗಳನ್ನೆಲ್ಲ ಕಟ್ಟಿಕೊಂಡು ಹೊಳೆಗೋ ಕಾಲುವೆಗೋ ಹೋಗುವುದು ನಮ್ಮಲ್ಲಿ ನಡೆದು ಬಂದದ್ದು. ಸಾಮಾನು ಹೊರಲು, ಹಿಂಡುವಾಗ ಇನ್ನೊಂದು ತುದಿ ಹಿಡಿಯಲು ಮಕ್ಕಳೂ ಹೋಗುತ್ತಾರೆ. ನೆನೆದ ಕೌದಿಯ ಭಾರ ಹಿಂಡಿದವರಿಗೇ ಗೊತ್ತು. ಸೆಳವಿಗೆ ಸಿಕ್ಕ ಕೌದಿಯನ್ನು ಬಿಡಲು ಮನಸ್ಸಾಗದೆ ಅದರ ಹಿಂದೆಯೇ ಎರಡು ಹೆಜ್ಜೆ ಹೋದವರಿಗೆ ಕಾಲಡಿಯ ನೆಲೆ ತಪ್ಪುತ್ತದೆ. ತುಂಗಾ ಮೇಲ್ದಂಡೆ ಕಾಲುವೆಯಂಥ ಕಾಂಕ್ರೀಟ್ ಕಾಲುವೆಯಲ್ಲಿ ಅಂಚು ಇಳಿಜಾರು, ಮೇಲೆ ಪಾಚಿ. ನಡುವೆ ಹೋದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಸ್ವಸಹಾಯ ಸಂಘದ ಅಕ್ಕಂದಿರ ಸಭೆಯಲ್ಲಿ ಇದನ್ನೆಲ್ಲ ಹೇಳಿ, ಇಳಿಯಬೇಡಿ ಎಂದೆ. ಒಬ್ಬ ಹಿರಿಯ ಹೆಣ್ಣುಮಗಳು ಎದ್ದು ನಿಂತು ಕೇಳಿದರು: “ನನ್ನ ಹೊಟ್ಟ್ಯಾಗ ಹುಟ್ಟಿದ ಕೂಸು ಮುಳಗಾಕತ್ತಿದ್ರ ನಾ ದಂಡಿ ಮ್ಯಾಲ ಹಗ್ಗಾ ಹುಡಕ್ಕೋಂತ ನಿಂದರ್ಲೇನ್ರಿ ಸರ್?” ಇಡೀ ಸಭೆ ಅವರ ಪರವಾಗಿತ್ತು. ನಾನು ವಾದ ಮಾಡಲಿಲ್ಲ. “ಆಗ ಹುಡಕಾಕ ಹೋಗಬ್ಯಾಡ್ರಿ ಯವ್ವಾ, ನೀರಿಗೆ ಹೋದಕೂಡಲೇ ಮೊದಲ ಕೆಲಸ ಅದನ್ನ ಮಾಡ್ರಿ” ಎಂದೆ. ಒಗೆಯಲು ತಂದ ಗಂಟಿನಲ್ಲೇ ಹಳೆಯ ಸೀರೆಗಳಿರುತ್ತವೆ. ಒಂದು ಸೀರೆ ಐದು ಮೀಟರಿನ ಮೇಲಿರುತ್ತದೆ. ಎರಡನ್ನು ಬಿಗಿಯಾಗಿ ಗಂಟು ಹಾಕಿ, ಒಂದು ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನು ಕಟ್ಟಿ, ಕಲ್ಲಿನ ಮೇಲೆ ಇಟ್ಟು ಆಮೇಲೆ ಕೌದಿ ನೆನೆಸಬೇಕು. ಆ ಅಮ್ಮನೇ ಅಂದು ಎಲ್ಲರಿಗೂ ಜಾರದ ಗಂಟು ಹಾಕಿ ತೋರಿಸಿದರು. ಮುಂದಿನ ಮಹಾನವಮಿಗೆ ಕಾಲುವೆಯ ದಂಡೆಯ ಮೇಲೆ ಅಂಥ ಸೀರೆಗಳನ್ನು ನಾನು ಕಣ್ಣಾರೆ ಕಂಡೆ. ಎರಡು ವರ್ಷಗಳ ನಂತರ ಜಾರಿ ಬಿದ್ದ ಒಬ್ಬ ಹುಡುಗನನ್ನು ಅವನ ಚಿಕ್ಕಮ್ಮ ಸೀರೆ ಎಸೆದು ಎಳೆದುಕೊಂಡರು. ಆಕೆಗೆ ಈಜು ಬರುವುದಿಲ್ಲ.

ಹೊಳೆಯ ವಿಷಯದಲ್ಲಿ ಹಿರಿಯರ ತಿಳಿವಳಿಕೆಯೊಂದನ್ನೇ ಈಗ ನೆಚ್ಚುವಂತಿಲ್ಲ. ಮರಳು ತೆಗೆದ ಗುಂಡಿಗಳಿಂದಾಗಿ ಹೋದ ವರ್ಷ ಮೊಣಕಾಲುದ್ದ ನೀರಿದ್ದ ಜಾಗದಲ್ಲಿ ಈ ವರ್ಷ ಎರಡಾಳು ಆಳವಿರುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಅಪಾಯ: ನಮ್ಮಲ್ಲಿ ಬಿಸಿಲಿದ್ದರೂ ಮಲೆನಾಡಿನಲ್ಲಿ ಮಳೆ ಸುರಿದು ಗಾಜನೂರಿನ ತುಂಗಾ ಜಲಾಶಯದ ಗೇಟು ಎತ್ತಿದರೆ ಇಲ್ಲಿ ಹೊಳೆ ಏರುತ್ತದೆ. ಹೊರಹರಿವು ಹೆಚ್ಚಿದ ಸುದ್ದಿ ಬಂದ ದಿನ ಪ್ರಾರ್ಥನೆಯ ಹೊತ್ತಿನಲ್ಲೇ ಓದಿ ಹೇಳುತ್ತೇವೆ. ಧಾರವಾಡ, ಗದಗ ಕಡೆ ಬೆಣ್ಣೆಹಳ್ಳವೂ ಹೀಗೆಯೇ ಮೇಲೆ ಸುರಿದ ಮಳೆಯನ್ನು ಹೊತ್ತು ತಂದು ಕೆಳಗಿನ ಊರುಗಳ ಹೊಲಕ್ಕೆ ನುಗ್ಗುತ್ತದೆ.

ಇಷ್ಟಾದರೂ ನನಗೆ ಹೊಳೆಗಿಂತ ಹೆಚ್ಚು ಭಯ ಹುಟ್ಟಿಸುವುದು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲದಲ್ಲೂ ಹೊಂಡಗಳಾದವು. ಬೆಳೆಗೆ ಅವು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ಮೀಟರ್ ಆಳದ ಹೊಂಡಕ್ಕೆ ನಾಲ್ಕೂ ಕಡೆ ತಾಡಪಾಲು ಹಾಸಿದರೆ ಒಳಗೆ ಬಿದ್ದವರಿಗೆ ಕಾಲೂರಲು ಜಾಗವೇ ಇಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳಿದಾಗ ರೈತರು ತಲೆದೂಗಿ ಸುಮ್ಮನಾಗುತ್ತಿದ್ದರು. ಒಂದು ಬೇಸಿಗೆಯಲ್ಲಿ ನೀರು ಖಾಲಿಯಾಗಿದ್ದ ಹೊಂಡವೊಂದಕ್ಕೆ, ಹೊಲದ ಯಜಮಾನರ ಒಪ್ಪಿಗೆ ಪಡೆದು, ನಮ್ಮ ಕಬಡ್ಡಿ ತಂಡವನ್ನು ಕರೆದುಕೊಂಡು ಹೋದೆ. ತಾಡಪಾಲಿನ ಮೇಲೆ ಕೊಡಗಟ್ಟಲೆ ನೀರು ಸುರುವಿ, ಹಗ್ಗವಿಲ್ಲದೆ ಹತ್ತಿ ಬನ್ನಿ ಎಂದೆ. ತಾಲೂಕು ಗೆದ್ದು ಬಂದ ಗಟ್ಟಿ ಹುಡುಗರು. ಒಬ್ಬನಿಗೂ ಆಗಲಿಲ್ಲ. ಮಂಡಿ ಊರಿದರೆ ಮಂಡಿ ಜಾರಿತು, ಕೈ ಊರಿದರೆ ಕೈ ಜಾರಿತು. ಸುತ್ತಲಿನ ಹೊಲದವರು ಬದುವಿನ ಮೇಲೆ ನಿಂತು ನೋಡಿದರು. ಆಮೇಲೆ ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ಒಳಗೆ ಬಿಟ್ಟಾಗ ತಂಡದ ಅತಿ ಸಣ್ಣ ಹುಡುಗನೂ ಸರಸರ ಮೇಲೆ ಬಂದ.

ಅಂದು ನೋಡಿದವರು ಒಬ್ಬೊಬ್ಬರಾಗಿ ಹಗ್ಗ ಬಿಡತೊಡಗಿದರು. ಕೆಲವರು ಹಳೆಯ ಬೈಕಿನ ಟೈರುಗಳನ್ನು ಒಂದಕ್ಕೊಂದು ಕಟ್ಟಿ ಏಣಿಯಂತೆ ಇಳಿಬಿಟ್ಟಿದ್ದಾರೆ. ಅದು ಹಗ್ಗಕ್ಕಿಂತ ಒಳ್ಳೆಯದು, ಕಾಲಿಗೂ ಆಸರೆ ಸಿಗುತ್ತದೆ. ನಾಲ್ಕೂ ಬದಿಗೆ ಇರಬೇಕು, ಹೊಂಡದ ತಳ ಮುಟ್ಟಬೇಕು, ಬಿಸಿಲಿಗೆ ಸವೆದ ಹಗ್ಗವನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಆದರೆ ಹಗ್ಗವೂ ಟೈರೂ ಬಿದ್ದ ಮೇಲಿನ ಉಪಾಯ. ಮೂರು ವರ್ಷದ ಮಗುವಿಗೆ ಹಗ್ಗ ಹಿಡಿಯಲು ಬರುವುದಿಲ್ಲ, ಅದನ್ನು ಬೇಲಿಯೇ ತಡೆಯಬೇಕು. ತಂತಿಬೇಲಿಗೂ ಯೋಜನೆಯಲ್ಲಿ ಸಹಾಯಧನವಿದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹಣ ಬರುವವರೆಗೆ ಜಾಲಿಮುಳ್ಳಿನ ಬೇಲಿಯಾದರೂ ಇರಲಿ.

ಈಜು ಕಲಿಸುವುದನ್ನು ನಾನು ಏಪ್ರಿಲ್‌ನಲ್ಲಿ, ಹೊಳೆ ತೆಳ್ಳಗೆ ಹರಿಯುವಾಗ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಮೊದಲು ನಾನು ಇಳಿದು ಬಡಿಗೆಯಿಂದ ತಳ ಚುಚ್ಚಿ ನೋಡಿ, ಸೊಂಟದ ಮಟ್ಟದ ಜಾಗಕ್ಕೆ ಹಗ್ಗದ ಗಡಿ ಹಾಕುತ್ತೇನೆ. ಪಾಲಕರ ಒಪ್ಪಿಗೆಯ ಸಹಿ ಇಲ್ಲದೆ ಯಾರನ್ನೂ ಇಳಿಸುವುದಿಲ್ಲ. ಹೆಣ್ಣುಮಕ್ಕಳ ಸರದಿಗೆ ತಾಯಂದಿರು ದಂಡೆಯ ಮೇಲೆ ಇರುತ್ತಾರೆ, ಹುಡುಗಿಯರು ಚೂಡಿದಾರದಲ್ಲೇ ಕಲಿಯುತ್ತಾರೆ. ಬಟ್ಟೆಯಲ್ಲಿ ಕಲಿಯುವುದೇ ಸರಿ ಅನ್ನುತ್ತೇನೆ, ಬೀಳುವಾಗ ಯಾರೂ ಈಜುಡುಗೆಯಲ್ಲಿ ಬೀಳುವುದಿಲ್ಲ. ಮೊದಲು ನೀರೊಳಗೆ ಬಾಯಿ ಇಟ್ಟು ಉಸಿರು ಬಿಡುವುದು, ಆಮೇಲೆ ಕಿವಿ ಮುಳುಗಿಸಿ ಅಂಗಾತ ತೇಲುವುದು, ಬೋರಲಿದ್ದವರು ಅಂಗಾತ ಹೊರಳುವುದು, ದಂಡೆ ಹಿಡಿದು ಮೇಲೆ ಬರುವುದು. ಕೈ ಬಡಿದು ಮುಂದೆ ಹೋಗುವುದು ಕೊನೆಗೆ. ಬಾಂಗ್ಲಾದೇಶದಲ್ಲಿ ಹಳ್ಳಿಯ ಕೆರೆಗಳಲ್ಲೇ ಮಕ್ಕಳಿಗೆ ಕಲಿಸುವವರು 25 ಮೀಟರ್ ಈಜು, 30 ಸೆಕೆಂಡ್ ತೇಲುವುದು, ದಂಡೆಯಿಂದ ರಕ್ಷಿಸುವುದು, ಈ ಮೂರನ್ನು ಗುರಿಯಾಗಿ ಇಟ್ಟುಕೊಂಡಿದ್ದಾರೆ. ನಮ್ಮ ಗುರಿಯೂ ಅದೇ. ಫಿಟ್ಸ್ ಬರುವ ಮಕ್ಕಳ ಹೆಸರನ್ನು ಮೊದಲೇ ಕೇಳಿ ಬರೆದುಕೊಳ್ಳುತ್ತೇನೆ. ಅವರಿಗೂ ಕಲಿಸುತ್ತೇನೆ, ಆದರೆ ಕೈಯಳತೆಯಲ್ಲಿ ಒಬ್ಬರು ದೊಡ್ಡವರು ಇದ್ದಾಗ ಮಾತ್ರ.

ಹದಿಹರೆಯದ ಹುಡುಗರಿಗೆ ಮಾತಿಗಿಂತ ಲೆಕ್ಕ ಹಾಕಿ ಮಾಡಿದ ಏರ್ಪಾಡು ಬೇಕು. ಎಸ್‌ಎಸ್‌ಎಲ್‌ಸಿ ಕೊನೆಯ ಪೇಪರಿನ ಮಧ್ಯಾಹ್ನ, ಬಣ್ಣದಾಟ ಮುಗಿದ ಹೊತ್ತು, ಗಣಪತಿ ಕಳಿಸುವ ರಾತ್ರಿ, ಈ ಹೊತ್ತುಗಳಲ್ಲಿ ಅವರು ನೀರಿನ ಕಡೆಗೇ ಹೋಗುತ್ತಾರೆ. ಕೊನೆಯ ಪೇಪರಿನ ದಿನ ನಾವು ಶಾಲೆಯಲ್ಲೇ ಊಟ, ವಾಲಿಬಾಲ್ ಪಂದ್ಯ ಇಟ್ಟು ಸಂಜೆ ಪಾಲಕರ ಕೈಗೆ ಒಪ್ಪಿಸುತ್ತೇವೆ. ಬಣ್ಣದ ದಿನ ಪಂಚಾಯಿತಿಯವರು ಓಣಿಯ ನಲ್ಲಿಯಲ್ಲಿ ಮಧ್ಯಾಹ್ನದವರೆಗೆ ನೀರು ಬಿಡುತ್ತಾರೆ, ಮೈ ತೊಳೆಯಲು ಹೊಳೆಗೆ ಹೋಗುವ ಕಾರಣವೇ ಉಳಿಯುವುದಿಲ್ಲ.

ಅಂಬೆಗಾಲಿಡುವ ಕೂಸುಗಳ ಮಾತು ಬೇರೆ. ಅವು ಮನೆಯೊಳಗೂ ಮುಳುಗುತ್ತವೆ. ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಓಣಿಯಲ್ಲಿ ನೀರು ಬಿಡುವ ದಿನ ಎಲ್ಲರ ಸಂಪಿನ ಮುಚ್ಚಳ ತೆರೆದಿರುತ್ತದೆ, ಬ್ಯಾರಲ್ಲು ಬಕೆಟ್ಟು ತುಂಬಿರುತ್ತವೆ, ದೊಡ್ಡವರ ಗಮನ ಪೈಪಿನ ಮೇಲಿರುತ್ತದೆ. ಬಕೆಟ್ಟಿನಲ್ಲಿ ಗೇಣುದ್ದ ನೀರಿದ್ದರೂ ತಲೆಕೆಳಗಾದ ಕೂಸು ಮೇಲೇಳಲಾರದು. ಬಾಂಗ್ಲಾದೇಶದಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ಮಕ್ಕಳನ್ನು ಒಂದೆಡೆ ಕೂರಿಸಿ ನೋಡಿಕೊಂಡದ್ದರಿಂದಲೇ ಆ ವಯಸ್ಸಿನ ಮುಳುಗು ಸಾವು ಬಹಳಷ್ಟು ಇಳಿದಿದೆ. ನಮ್ಮಲ್ಲಿ ಅಂಗನವಾಡಿ ಇದೆ, ಉದ್ಯೋಗ ಖಾತರಿ ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳಲು ‘ಕೂಸಿನ ಮನೆ’ ಇದೆ. ಹೊಲಕ್ಕೆ ಹೋಗುವಾಗ ಕೂಸನ್ನು ಅಲ್ಲಿ ಬಿಟ್ಟು ಹೋಗಿ ಎಂದು ಗ್ರಾಮಸಭೆಯಲ್ಲಿ ಪ್ರತಿ ಸಲ ಹೇಳುತ್ತೇನೆ.

ವಿಶ್ವಸಂಸ್ಥೆ 2021ರಿಂದ ಜುಲೈ 25ನ್ನು ಮುಳುಗು ಸಾವು ತಡೆಯುವ ದಿನವೆಂದು ಆಚರಿಸುತ್ತಿದೆ. ಅದು ನಮಗೆ ಹೊಳೆ ಏರುವ ಕಾಲವೂ ಹೌದು. ಅಂದು ಆಶಾ ಕಾರ್ಯಕರ್ತೆಯರ ಜೊತೆ ಸೇರಿ ಗೊಂಬೆಯ ಮೇಲೆ ಉಸಿರು ಕೊಡುವುದನ್ನು ಕಲಿಸುತ್ತೇವೆ. ಇಲ್ಲಿ ಮೊದಲು ಬಿಡಿಸಬೇಕಾದ ಗಂಟುಗಳು ಬಹಳ. ಮೇಲೆ ತಂದವರನ್ನು ತಲೆಕೆಳಗೆ ಹೆಗಲ ಮೇಲೆ ಹಾಕಿ ಓಡುತ್ತಾರೆ, ಹೊಟ್ಟೆ ಒತ್ತಿ ನೀರು ತೆಗೆಯುತ್ತಾರೆ. ಎರಡರಿಂದಲೂ ಹೊಟ್ಟೆಯಲ್ಲಿದ್ದದ್ದು ಉಸಿರಿನ ದಾರಿಗೆ ಬರುತ್ತದೆ, ಹೊತ್ತೂ ಹಾಳು. ವಾಟ್ಸಾಪ್ ಸಂದೇಶ ನಂಬಿ ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟದ್ದು ನಮ್ಮ ಜಿಲ್ಲೆಯಲ್ಲೂ ನಡೆದಿದೆ. ಉಪ್ಪಿನಿಂದ ಯಾರಿಗೂ ಜೀವ ಬರುವುದಿಲ್ಲ.

ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಎದೆ ಏಳುವಂತೆ ಬಾಯಿಯಿಂದ ಐದು ಸಲ ಉಸಿರು ಊದಬೇಕು. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಊದಿ, ಮತ್ತೆ 30 ಸಲ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ದೊಡ್ಡವರ ಎದೆ ಐದು ಸೆಂಟಿಮೀಟರ್ ತಗ್ಗಬೇಕು, ಮಕ್ಕಳದ್ದು ಎದೆಯ ದಪ್ಪದ ಮೂರನೇ ಒಂದು ಭಾಗ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು, ಕೈ ಸೋತರೆ ಪಕ್ಕದವರಿಗೆ ಕೊಡಬೇಕು. ಉಸಿರು ಬಂದು, ಕಣ್ಣು ಬಿಟ್ಟು, ಮಾತಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು. ನೀರು ಹೊಕ್ಕ ಪುಪ್ಪುಸ ಕೆಲವು ಗಂಟೆಗಳ ನಂತರ ಕೆಡಬಹುದು. “ಈಗ ಆರಾಮ ಅದಾನಲ್ರಿ” ಎಂದು ಮನೆಯವರು ಹಿಂದಿರುಗಲು ನೋಡುತ್ತಾರೆ, ಆಗ ಗಟ್ಟಿಯಾಗಿ ನಿಲ್ಲಬೇಕು. 108ಕ್ಕೆ ಫೋನ್ ಮಾಡುವ ಹುಡುಗನಿಗೆ ನಮ್ಮ ಅಭ್ಯಾಸದಲ್ಲಿ ಇನ್ನೊಂದು ಕೆಲಸವಿದೆ: ಹೊತ್ತು ಗುರುತಿಟ್ಟುಕೊಳ್ಳುವುದು. ಎಷ್ಟು ಹೊತ್ತು ನೀರಿನಲ್ಲಿದ್ದ, ಉಸಿರು ನಿಂತಿತ್ತೋ ಇಲ್ಲವೋ, ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಅವನು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡು, ಆಂಬುಲೆನ್ಸಿನವರಿಗೆ ತೋರಿಸುತ್ತಾನೆ.