ಸಿನಿಮಾ ಎಲ್‌ಎಲ್‌ಸಿಗೆ ಯಾವ ರಾಜ್ಯ?

ಅಮೆರಿಕದಲ್ಲಿ ಕಡಿಮೆ ಬಜೆಟ್ಟಿನ ಸಿನಿಮಾಕ್ಕೆ ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ) ಮಾಡಲು ಹೊರಟವರಿಗೆ ಮೊದಲು ಸಿಗುವ ಸಲಹೆ 'ಡೆಲವೇರ್‌ನಲ್ಲಿ ಮಾಡಿ, ತೆರಿಗೆ ಉಳಿಯುತ್ತೆ' ಅನ್ನುವುದು. ಕ್ಯಾಲಿಫೋರ್ನಿಯಾದಲ್ಲಿ ಕೂತು ಕೆಲಸ ಮಾಡುವವರಿಗೆ ಅದರಿಂದ ಏನೂ ಉಳಿಯುವುದಿಲ್ಲ, ಖರ್ಚು ಎರಡಾಗುತ್ತದೆ. ರಾಜ್ಯ ಆರಿಸುವ ಮುಂಚೆ ನಾವು ನೋಡಿಕೊಳ್ಳುವುದು ಇಷ್ಟೇ: ಕರಾರಿಗೆ ಸಹಿ ಹಾಕುವವರು, ಹಣದ ತೀರ್ಮಾನ ಮಾಡುವವರು ಎಲ್ಲಿದ್ದಾರೆ?

ಲೆಕ್ಕ ಹಾಕಿ ನೋಡಿ. ಡೆಲವೇರ್ ಎಲ್‌ಎಲ್‌ಸಿಗೆ ವರ್ಷಕ್ಕೆ 300 ಡಾಲರ್ ತೆರಿಗೆ, ಜೂನ್ 1ರೊಳಗೆ ಕಟ್ಟಬೇಕು. ತಪ್ಪಿದರೆ 200 ಡಾಲರ್ ದಂಡ, ಮೇಲೆ ತಿಂಗಳಿಗೆ ಶೇ. 1.5 ಬಡ್ಡಿ. ಸರ್ಕಾರದ, ಕೋರ್ಟಿನ ಕಾಗದಗಳನ್ನು ಕಂಪನಿ ಪರವಾಗಿ ಪಡೆಯಲು ಆ ರಾಜ್ಯದಲ್ಲಿ ವಿಳಾಸವಿರುವ ರಿಜಿಸ್ಟರ್ಡ್ ಏಜೆಂಟ್‌ಗೆ ಪ್ರತಿ ವರ್ಷ ಬೇರೆ ಹಣ. ಇಷ್ಟಾದ ಮೇಲೂ ಕಂಪನಿ ನಡೆಸುವವರು ಕ್ಯಾಲಿಫೋರ್ನಿಯಾದಲ್ಲೇ ಇದ್ದರೆ ಅಲ್ಲಿ ವ್ಯವಹಾರ ನಡೆಸಿದಂತೆಯೇ ಲೆಕ್ಕ. ಡೆಲವೇರ್‌ನಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ಕಂಪನಿ ಅಲ್ಲಿ ಕ್ರಮಬದ್ಧವಾಗಿದೆ ಎನ್ನುವ ಪತ್ರ) ತರಿಸಿ, ಹೊರರಾಜ್ಯದ ಕಂಪನಿಗಳ ಎಲ್‌ಎಲ್‌ಸಿ-5 ಫಾರಂ ಜೊತೆ ಕೊಟ್ಟು ಕ್ಯಾಲಿಫೋರ್ನಿಯಾದಲ್ಲೂ ನೋಂದಾಯಿಸಿ, ಅಲ್ಲಿನ 800 ಡಾಲರ್ ವಾರ್ಷಿಕ ತೆರಿಗೆಯನ್ನೂ ಕಟ್ಟಬೇಕು. ಈ ಎರಡನೇ ನೋಂದಣಿ ಬಿಟ್ಟವರಿಗೆ ನಿಜವಾದ ಪೆಟ್ಟು ಬೀಳುವುದು ವಿತರಕರು ಹಣ ಕೊಡದೆ ಸತಾಯಿಸಿದಾಗ: ನೋಂದಣಿ ಆಗುವವರೆಗೆ ಕ್ಯಾಲಿಫೋರ್ನಿಯಾ ಕೋರ್ಟಿನಲ್ಲಿ ದಾವೆ ನಡೆಸುವಂತಿಲ್ಲ.

ಹೊರಗಿನ ಹೂಡಿಕೆದಾರರು ಹಲವರಿದ್ದು, ಅವರ ವಕೀಲರೇ ಡೆಲವೇರ್ ಕಾನೂನು ಬೇಕೆಂದು ಪಟ್ಟು ಹಿಡಿದರೆ ಮಾತ್ರ ನಾವು ಅಲ್ಲಿಗೆ ಹೋಗುತ್ತೇವೆ.

ಕ್ಯಾಲಿಫೋರ್ನಿಯಾದಲ್ಲೇ ನೇರವಾಗಿ ಮಾಡುವುದಾದರೆ ನೋಂದಣಿಯ ಎಲ್‌ಎಲ್‌ಸಿ-1 ಫಾರಂಗೆ 70 ಡಾಲರ್. 90 ದಿನದೊಳಗೆ ಕಂಪನಿಯ ವಿವರ ಕೊಡುವ ಎಲ್‌ಎಲ್‌ಸಿ-12, ಅದಕ್ಕೆ 20 ಡಾಲರ್. ಆಮೇಲೆ ಎರಡು ವರ್ಷಕ್ಕೊಮ್ಮೆ. ನೋಂದಣಿ ಮಾಡುವ ತಿಂಗಳನ್ನು ಮಾತ್ರ ಯೋಚಿಸಿ ಆರಿಸಿಕೊಳ್ಳಿ. ನೋಂದಣಿಯಾದ ತಿಂಗಳೂ ಸೇರಿ ನಾಲ್ಕನೇ ತಿಂಗಳ 15ಕ್ಕೆ ಮೊದಲ 800 ಕಟ್ಟಬೇಕು. ನವೆಂಬರ್‌ನಲ್ಲಿ ಮಾಡಿದರೆ ಫೆಬ್ರವರಿ 15ಕ್ಕೆ ಹಳೇ ವರ್ಷದ್ದು, ಏಪ್ರಿಲ್ 15ಕ್ಕೆ ಹೊಸ ವರ್ಷದ್ದು: ಕ್ಯಾಮೆರಾ ಬಾಡಿಗೆಗೆ ಇಟ್ಟುಕೊಂಡ ಹಣದಲ್ಲಿ 1600 ಡಾಲರ್ ಹೋಗಿರುತ್ತದೆ. ಶೂಟಿಂಗ್ ಮಾರ್ಚ್‌ನಲ್ಲಿದ್ದರೆ ಜನವರಿವರೆಗೆ ತಡೆಯಿರಿ.

ನ್ಯೂಯಾರ್ಕ್‌ನಲ್ಲಿ 200 ಡಾಲರ್ ಶುಲ್ಕ ಕಣ್ಣಿಗೆ ಕಾಣುತ್ತದೆ, ಪತ್ರಿಕೆ ಪ್ರಕಟಣೆಯ ಖರ್ಚು ಕಾಣುವುದಿಲ್ಲ. 120 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಕಂಪನಿ ಶುರುವಾಗಿದೆ ಎಂದು ಸತತ ಆರು ವಾರ ಪ್ರಕಟಣೆ ಹಾಕಿಸಬೇಕು. ಕಚೇರಿ ಯಾವ ಕೌಂಟಿಯಲ್ಲಿದೆ (ಜಿಲ್ಲೆಯಂಥ ವಿಭಾಗ) ಅನ್ನುವುದರ ಮೇಲೆ ದರ ತುಂಬಾ ಏರಿಳಿಯುತ್ತದೆ.

ಸಬ್ಸಿಡಿ ಸಿಗುತ್ತದೆಂದು ಜಾರ್ಜಿಯಾದಲ್ಲೇ ಕಂಪನಿ ಹುಟ್ಟಿಸಬೇಕಾಗಿಲ್ಲ. ಅಲ್ಲಿನ ತೆರಿಗೆ ರಿಯಾಯಿತಿ ಮೂಲದಲ್ಲಿ ಶೇ. 20, ರಾಜ್ಯದ ಲೋಗೋ ಹಾಕಿದರೆ ಇನ್ನೂ ಶೇ. 10, ಅದು ನೋಡುವುದು ಅಲ್ಲಿ ಮಾಡಿದ ಖರ್ಚನ್ನು. ಆದರೆ ಖರ್ಚು ಕನಿಷ್ಠ 5 ಲಕ್ಷ ಡಾಲರ್ ದಾಟಬೇಕು. ಅದಕ್ಕಿಂತ ಚಿಕ್ಕ ಚಿತ್ರಕ್ಕೆ ಆ ಲೆಕ್ಕವೇ ಬೇಡ.

ರಾಜ್ಯ ಯಾವುದೇ ಆಗಲಿ, ಒಂದು ಚಿತ್ರಕ್ಕೆ ಒಂದು ಎಲ್‌ಎಲ್‌ಸಿ. ಚಿತ್ರಕಥೆಯ ಹಕ್ಕು ಬರಹಗಾರರಿಂದ ಅದೇ ಹೆಸರಿಗೆ ಲಿಖಿತವಾಗಿ ವರ್ಗವಾಗಬೇಕು. ನೋಂದಣಿ ಪತ್ರದಲ್ಲಿರುವ ಹೆಸರು, ಅಲ್ಪವಿರಾಮವೂ ಸೇರಿ, ಹಕ್ಕುಪತ್ರದಲ್ಲಿ, ಬ್ಯಾಂಕ್ ಖಾತೆಯಲ್ಲಿ, ನಟರ ಕರಾರಿನಲ್ಲಿ ಹಾಗೇ ಇರಲಿ. ನಿರ್ಮಾಪಕರ ಮಾತೃಸಂಸ್ಥೆಯ ಹೆಸರಿನಲ್ಲಿ ಒಂದೇ ಒಂದು ಕರಾರು ಉಳಿದಿದ್ದರೂ ವಿತರಕರ ವಕೀಲರು ಹಕ್ಕಿನ ಸರಪಳಿ (ಹಕ್ಕು ಯಾರಿಂದ ಯಾರಿಗೆ ಬಂತು ಎನ್ನುವ ದಾಖಲೆಗಳ ಸಾಲು) ತುಂಡಾಗಿದೆ ಎನ್ನುತ್ತಾರೆ. ವಿಮೆ ಕಂಪನಿಯವರೂ ಅಲ್ಲೇ ನಿಲ್ಲುತ್ತಾರೆ.

ಚಿತ್ರ ಮುಗಿಯಿತೆಂದು ಸುಮ್ಮನಾದರೆ ಕ್ಯಾಲಿಫೋರ್ನಿಯಾದ 800 ಡಾಲರ್ ಬಿಲ್ ಪ್ರತಿ ವರ್ಷ ಬರುತ್ತಲೇ ಇರುತ್ತದೆ. ಮುಚ್ಚುವುದಾದರೆ ಕೊನೆಯ ತೆರಿಗೆ ರಿಟರ್ನ್ ಕೊಟ್ಟು, ರದ್ದತಿ ಪತ್ರ ಸಲ್ಲಿಸಿ. ಸ್ಯಾಗ್-ಆಫ್ಟ್ರಾ (ನಟರ ಒಕ್ಕೂಟ) ಕಲಾವಿದರಿದ್ದರೆ ಅವರ ರೆಸಿಡ್ಯುಯಲ್ಸ್ (ಚಿತ್ರ ಮುಂದೆ ಬೇರೆ ಕಡೆ ತೋರಿಸಿದಾಗಲೆಲ್ಲ ಸಲ್ಲಬೇಕಾದ ಹಣ) ಹೊಣೆಯನ್ನು ವಿತರಕರು ವಹಿಸಿಕೊಂಡು ಸಹಿ ಹಾಕಿದ ಪತ್ರ ಕೈಗೆ ಬರುವವರೆಗೆ ಮುಚ್ಚಬೇಡಿ.